ನೀರಿಲ್ಲದ ಊರಿನ ಕಲ್ಲಿನ ಚೂರುಗಳು

1922ರ ನವೆಂಬರ್ 4ರಂದು ಈಜಿಪ್ಟಿನ ರಾಜರ ಕಣಿವೆಯಲ್ಲಿ ಒಂದು ಕಲ್ಲಿನ ಮೆಟ್ಟಿಲು ಕಂಡಿತು. ಅದರ ಜಾಡು ಹಿಡಿದು ಅಗೆದ ಹೊವಾರ್ಡ್ ಕಾರ್ಟರ್ ತಂಡಕ್ಕೆ ಟುಟಾಂಖಾಮನ್ ಸಮಾಧಿ ಸಿಕ್ಕಿತು. ಈ ಕಥೆ ನಿಮಗೆಲ್ಲ ಗೊತ್ತು. ಆ ಚಿನ್ನದ ಮುಖವಾಡದ ಚಿತ್ರ ನೋಡದವರು ಇಲ್ಲಿ ಯಾರೂ ಇರಲಿಕ್ಕಿಲ್ಲ.

ಆದರೆ ಆ ಮೆಟ್ಟಿಲಿನ ಮೇಲೆ ಏನಿತ್ತು? ಗುಡಿಸಲುಗಳಿದ್ದವು. ಅಲ್ಲೇ ಪಕ್ಕದಲ್ಲಿ ಆರನೇ ರಾಮ್ಸೆಸ್ ರಾಜನ ಸಮಾಧಿಯ ಕೆಲಸ ನಡೆದಾಗ ಕೆಲಸಗಾರರು ಹಾಕಿಕೊಂಡಿದ್ದ ಒರಟು ಕಲ್ಲಿನ ಗುಡಿಸಲುಗಳು. ಆ ಹೊತ್ತಿಗೆ ಟುಟಾಂಖಾಮನ್ ಹೆಸರೇ ಮರೆತುಹೋಗಿತ್ತು. ತಮ್ಮ ಕಾಲಡಿ ಒಬ್ಬ ರಾಜ ಮಲಗಿದ್ದಾನೆ ಅಂತ ಅವರಿಗೆ ಗೊತ್ತಿರಲಿಲ್ಲ. ಆ ಗುಡಿಸಲುಗಳು, ಸುತ್ತ ಬಿದ್ದ ಕಲ್ಲುಪುಡಿ ಸೇರಿ ಬಾಗಿಲನ್ನು ಮುಚ್ಚಿಟ್ಟವು. ಮುಂದೆ ಬಂದ ಕಳ್ಳರಿಗೆ ಅದು ಕಾಣಲಿಲ್ಲ.

ಕಾರ್ಟರ್ ಗುಡಿಸಲುಗಳನ್ನು ತೆಗೆಸಿ ಕೆಳಗೆ ಇಳಿದ. ನಾನು ಇವತ್ತು ಆ ಗುಡಿಸಲಲ್ಲಿ ಮಲಗುತ್ತಿದ್ದವರ ಹಿಂದೆ ಹೋಗುತ್ತೇನೆ. ಅವರು ರಜೆಯ ದಿನ ಗುಡ್ಡ ಹತ್ತಿ, ಆಚೆ ಕಡೆ ಇಳಿದು ಮನೆ ಸೇರುತ್ತಿದ್ದರಲ್ಲ, ಆ ಮನೆಗಳಿಗೆ.

ಆ ಊರನ್ನು ಈಗ ದೇರ್ ಅಲ್ ಮದೀನಾ ಅನ್ನುತ್ತಾರೆ. ನೈಲ್ ನದಿಯ ಪಶ್ಚಿಮ ದಡ, ಲಕ್ಸರ್ ಪಟ್ಟಣದ ಎದುರು. ಅಲ್ಲಿನವರು ಸುಮ್ನೆ ‘ಪಾ ದೆಮಿ’ ಅನ್ನುತ್ತಿದ್ದರಂತೆ. ಅಂದರೆ ‘ಊರು’, ಅಷ್ಟೇ. ಊರ ಸುತ್ತಲಿನ ಗೋಡೆಯ ಇಟ್ಟಿಗೆಗಳ ಮೇಲೆ ಒಂದನೇ ಥುಟ್ಮೋಸ್ ರಾಜನ ಮುದ್ರೆ ಇದೆ. ಅವನ ಕಾಲ ಸುಮಾರು ಕ್ರಿ.ಪೂ. 1500. ಅಲ್ಲಿಂದ ನಾಲ್ಕು ನೂರು ವರ್ಷ, ತಂದೆಯಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ, ಒಂದೇ ಕಸುಬು. ರಾಜರಿಗೆ ಸಮಾಧಿ ಕೊರೆಯುವುದು, ಅದರ ಗೋಡೆಗೆ ಚಿತ್ರ ಬರೆಯುವುದು.

ಊರು ದೊಡ್ಡದಿದ್ದಾಗ ಗೋಡೆಯ ಒಳಗೆ 68 ಮನೆಗಳಿದ್ದವು. ಒಂದಕ್ಕೊಂದು ಅಂಟಿದ, ಉದ್ದನೆಯ ಕಿರಿದಾದ ಮನೆಗಳು. ಬೀದಿ ಬಾಗಿಲು ದಾಟಿದರೆ ಮೊದಲ ಕೋಣೆಯಲ್ಲಿ ಇಟ್ಟಿಗೆಯಲ್ಲಿ ಕಟ್ಟಿದ ಎತ್ತರದ ಕಟ್ಟೆ. ಅದು ಪೂಜೆಗೋ ಬಾಣಂತಿಗೋ ಎಂದು ವಿದ್ವಾಂಸರು ಇನ್ನೂ ಮಾತಾಡುತ್ತಿದ್ದಾರೆ. ಎರಡನೆಯದು ಹಜಾರ, ನಡುವೆ ಮರದ ಕಂಬ, ಗೋಡೆಗೆ ಒತ್ತಿ ಜಗಲಿ. ಆಮೇಲೆ ಮಲಗುವ ಕೋಣೆ. ಕೊನೆಯಲ್ಲಿ ಅಡುಗೆ ಮನೆ, ಹೊಗೆ ಹೋಗಲಿ ಅಂತ ಮೇಲೆ ಬಯಲು. ಅಲ್ಲಿಂದ ತಾರಸಿಗೆ ಮೆಟ್ಟಿಲು, ಕೆಳಗೆ ಕಾಳುಕಡ್ಡಿ ಇಡಲು ನೆಲಮಾಳಿಗೆ.

ಈ ಊರಲ್ಲಿ ಒಂದು ಮಾತ್ರ ಇರಲಿಲ್ಲ. ನೀರು.

ಈಜಿಪ್ಟ್ ಅಂದರೆ ನೈಲ್ ಅಂತ ಶಾಲೆಯಲ್ಲಿ ಓದಿದ್ದೇವೆ. ವರ್ಷಕ್ಕೊಮ್ಮೆ ನೆರೆ, ನೆರೆ ಇಳಿದ ಮೇಲೆ ಕಪ್ಪು ಮಣ್ಣು, ಆ ಮಣ್ಣಲ್ಲಿ ಬೆಳೆ. ತಮ್ಮ ದೇಶಕ್ಕೆ ಅವರು ಇಟ್ಟ ಹೆಸರೇ ‘ಕೆಮೆತ್’, ಕಪ್ಪು ನೆಲ. ಆದರೆ ಈ ಊರು ಕಪ್ಪು ನೆಲದಲ್ಲಿ ಇರಲಿಲ್ಲ. ನೆರೆ ಮುಟ್ಟದ ಕಲ್ಲುಬೆಟ್ಟಗಳ ನಡುವೆ ಇತ್ತು. ಬಾವಿಯಿಲ್ಲ, ಹೊಲವಿಲ್ಲ, ಸೊಪ್ಪು ಬೆಳೆಯುವಷ್ಟು ಹಸಿ ನೆಲವೂ ಇಲ್ಲ. ನದಿ ಕಡೆಯಿಂದ ಕತ್ತೆಗಳ ಮೇಲೆ ದಿನವೂ ನೀರು ಹೊತ್ತು ತರಬೇಕು. ಅದಕ್ಕೆಂದೇ ಸರ್ಕಾರ ನೇಮಿಸಿದ ನೀರಾಳುಗಳು ಇದ್ದರು. ಸೌದೆಯವರು, ಮೀನುಗಾರರು, ತೋಟದವರು, ಕುಂಬಾರರು, ಮಡಿವಾಳರು ಹೀಗೆ ಇಡೀ ಒಂದು ದಂಡು ಈ ಪುಟ್ಟ ಊರಿಗೆ ದುಡಿಯುತ್ತಿತ್ತು.

ಇದನ್ನು ನಾನು ಒತ್ತಿ ಹೇಳುತ್ತಿದ್ದೇನೆ. ಯಾಕೆ ಅಂದರೆ, ಊರಲ್ಲಿ ಏನೂ ಬೆಳೆಯದೇ ಇದ್ದರೆ ಎಲ್ಲವೂ ಹೊರಗಿನಿಂದ ಬರಬೇಕು. ಹೊರಗಿನಿಂದ ಬಂದದ್ದನ್ನು ಎಣಿಸಬೇಕು. ಎಣಿಸಿದ್ದನ್ನು ಬರೆದಿಡಬೇಕು. ಇವತ್ತು ಎಷ್ಟು ಕೊಡ ನೀರು, ಎಷ್ಟು ಹೊರೆ ಸೌದೆ, ಎಷ್ಟು ಮೀನು, ಯಾರು ತಂದರು, ಎಷ್ಟು ಬಾಕಿ. ಬರೆಯಲು ಪಪೈರಸ್, ಅಂದರೆ ಜೊಂಡಿನಿಂದ ಮಾಡಿದ ಹಾಳೆ, ದುಬಾರಿ. ಆದರೆ ಸಮಾಧಿ ಕೊರೆಯುವ ಊರಲ್ಲಿ ಸುಣ್ಣಕಲ್ಲಿನ ಚೂರಿಗೆ ಏನು ಬರ? ಕೈಗೆ ಸಿಕ್ಕಿದ ಬಿಳಿ ಚೂರು ಎತ್ತಿಕೊಂಡು ಕುಂಚದಲ್ಲಿ ಗೀಚುವುದು, ಕೆಲಸ ಮುಗಿದ ಮೇಲೆ ಎಸೆಯುವುದು. ಮಳೆ ಇಲ್ಲದ ಜಾಗ, ಮಸಿ ಅಳಿಸಲಿಲ್ಲ. ನೀರಿಲ್ಲದ ಕಷ್ಟವೇ ಆ ಬರಹಗಳನ್ನು ಬರೆಯಿಸಿತು, ನೀರಿಲ್ಲದ ಒಣ ಹವೆಯೇ ಅವನ್ನು ಉಳಿಸಿತು.

ಊರ ಉತ್ತರಕ್ಕೆ ಒಂದು ಬೃಹತ್ ಗುಂಡಿ ಇದೆ. ಆಳ ಸುಮಾರು 50 ಮೀಟರ್. ನೀರಿಗಾಗಿ ತೋಡಿದ್ದು ಎಂದು ಬಹಳ ಜನ ಸಂಶೋಧಕರು ನಂಬುತ್ತಾರೆ. ನೀರು ಬರಲಿಲ್ಲ. ಆಮೇಲೆ ಅದು ಕಸದ ಗುಂಡಿಯಾಯಿತು. ಫ್ರಾನ್ಸಿನ ಬರ್ನಾರ್ಡ್ ಬ್ರೂಯೆರ್ ಈ ಊರಲ್ಲಿ 1922ರಿಂದ 1951ರವರೆಗೆ ಉತ್ಖನನ ಮಾಡಿದರು. ಕೊನೆಯ ವರ್ಷಗಳಲ್ಲಿ ಈ ಗುಂಡಿ ಖಾಲಿ ಮಾಡಿಸಿದಾಗ ಒಳಗಿನಿಂದ ಸುಮಾರು 5,000 ಬರಹದ ಚೂರುಗಳು ಬಂದವು.

ಕಸದ ಮಾತು ಬಂತಲ್ಲ, ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ. ಕನ್ನಡದವರಿಗೆ ಈಜಿಪ್ಟ್ ಅಂದರೆ ಇನ್ನೊಂದು ಕಸದ ದಿಬ್ಬ ನೆನಪಾಗಬೇಕು. ಆಕ್ಸಿರಿಂಕಸ್. ಅಲ್ಲಿ ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಇಬ್ಬರು ಅಗೆದಾಗ ಸಿಕ್ಕ ಒಂದು ಪಪೈರಸ್‌ನಲ್ಲಿ ಗ್ರೀಕ್ ಪ್ರಹಸನ ಇತ್ತು. ಕಥೆ ನಡೆಯುವುದು ಭಾರತದ ಕಡಲ ತೀರದಲ್ಲಿ. ಅದರಲ್ಲಿ ಬರುವ ‘ಪರಭಾಷೆ’ಯ ಮಾತುಗಳು ಕನ್ನಡ ಇರಬಹುದು ಎಂದು 1904ರಲ್ಲಿ ಜರ್ಮನ್ ವಿದ್ವಾಂಸ ಹುಲ್ಷ್ ಹೇಳಿದರು. ಶಾಮಾಶಾಸ್ತ್ರಿಗಳು, ಗೋವಿಂದ ಪೈಗಳು ಅದನ್ನು ಬಹಳ ಪ್ರೀತಿಯಿಂದ ಚರ್ಚಿಸಿದರು. ಎಲ್ಲ ವಿದ್ವಾಂಸರೂ ಒಪ್ಪಿಲ್ಲ, ಅದೂ ನಿಮಗೆ ಗೊತ್ತಿರಲಿ. ಆ ಹಾಳೆ ನಮ್ಮ ಕಲ್ಲಿನ ಚೂರುಗಳಿಗಿಂತ ಸಾವಿರಕ್ಕೂ ಹೆಚ್ಚು ವರ್ಷ ಈಚಿನದು. ಆದರೆ ಎರಡನ್ನೂ ಕಾಪಾಡಿದ್ದು ಅದೇ ಒಣ ಮಣ್ಣು, ಅದೇ ಕಸದ ರಾಶಿ.

ಮತ್ತೆ ಊರಿಗೆ ಬರೋಣ. ಕೆಲಸ ಹೇಗಿತ್ತು?

ತಂಡದಲ್ಲಿ ಸಾಮಾನ್ಯವಾಗಿ 40ರಿಂದ 60 ಜನ. ಹಡಗಿನ ನಾವಿಕರ ಹಾಗೆ ‘ಎಡ ಬದಿ’, ‘ಬಲ ಬದಿ’ ಎಂದು ಎರಡು ಭಾಗ. ಒಂದೊಂದಕ್ಕೆ ಒಬ್ಬ ಮೇಸ್ತ್ರಿ. ಎಲ್ಲರ ಲೆಕ್ಕ ಇಡಲು ಒಬ್ಬ ಕರಣಿಕ. ಅವರ ವಾರಕ್ಕೆ ಹತ್ತು ದಿನ. ಎಂಟು ದಿನ ಕಣಿವೆಯಲ್ಲೇ ಕೆಲಸ, ರಾತ್ರಿ ಗುಡ್ಡದ ಮೇಲಿನ ಗುಡಿಸಲಲ್ಲಿ ನಿದ್ದೆ, ಎರಡು ದಿನ ಮನೆ. ಹಬ್ಬದ ರಜೆಗಳು ಬೇರೆ. ತಾಮ್ರದ ಉಳಿ ಸರ್ಕಾರದ್ದು. ಕೊಡುವಾಗ ತೂಗಿ ಕೊಡುವುದು, ಮೊಂಡಾದ ಮೇಲೆ ತೂಗಿ ವಾಪಸ್ ತೆಗೆದುಕೊಳ್ಳುವುದು. ಸಮಾಧಿಯೊಳಗೆ ಕತ್ತಲು. ಹಳೆ ಬಟ್ಟೆ ಹೊಸೆದು, ಕೊಬ್ಬು ಸವರಿದ ಬತ್ತಿಗಳ ಬೆಳಕಲ್ಲಿ ಕೆಲಸ. ಆ ಬತ್ತಿಗಳನ್ನೂ ಎಣಿಸಿ ಬರೆದಿದ್ದಾರೆ. ಇಂಥ ದಿನ ಬೆಳಿಗ್ಗೆ ಇಷ್ಟು, ಮಧ್ಯಾಹ್ನ ಇಷ್ಟು. ರಾಜರ ಕಣಿವೆಯ ಗೋಡೆಗಳ ಬಣ್ಣ ನೋಡಿ ನಾವು ಬೆರಗಾಗುತ್ತೇವೆ. ಆ ಬಣ್ಣ ಹಚ್ಚಿದವನ ಪಕ್ಕ ಎಷ್ಟು ಬತ್ತಿ ಉರಿದವು ಅನ್ನುವ ಲೆಕ್ಕವೂ ನಮ್ಮ ಹತ್ತಿರ ಇದೆ. ನನಗೆ ಇದು ಮುಖವಾಡಕ್ಕಿಂತ ದೊಡ್ಡ ಸಿರಿ.

ಇವರು ಗುಲಾಮರಾಗಿರಲಿಲ್ಲ. ಸಂಬಳದ ನೌಕರರು. ಆಗ ನಾಣ್ಯ ಇರಲಿಲ್ಲ, ಸಂಬಳ ಕಾಳಿನಲ್ಲಿ. ಒಬ್ಬ ಕೆಲಸಗಾರನಿಗೆ ತಿಂಗಳಿಗೆ ನಾಲ್ಕು ‘ಖಾರ್’ ಗೋಧಿ, ಒಂದೂವರೆ ಖಾರ್ ಬಾರ್ಲಿ. ಒಂದು ಖಾರ್ ಅಂದರೆ ಸುಮಾರು 77 ಲೀಟರ್ ಹಿಡಿಯುವ ಚೀಲ. ಮೇಸ್ತ್ರಿಗೆ ಸ್ವಲ್ಪ ಜಾಸ್ತಿ. ಆ ಗೋಧಿ, ಉತ್ತರ ಕರ್ನಾಟಕದ ಕಡೆ ಕಪ್ಲಿ ಗೋಧಿ ಅಂತಾರಲ್ಲ, ಕುಟ್ಟದೆ ಹೊಟ್ಟು ಬಿಡದ ಗೋಧಿ, ಆ ಜಾತಿಯದು. ಗೋಧಿಯಿಂದ ರೊಟ್ಟಿ, ಬಾರ್ಲಿಯಿಂದ ಬಿಯರ್. ಬಿಯರ್ ಅಂದರೆ ಈಗಿನ ಹಾಗಲ್ಲ. ಮಂದವಾಗಿ, ಹೊಟ್ಟೆ ತುಂಬುವ ಹಾಗೆ ಇರುತ್ತಿತ್ತು. ಮಕ್ಕಳಾದಿಯಾಗಿ ಎಲ್ಲರ ದಿನದ ಆಹಾರ ಅದು. ರೊಟ್ಟಿಯಲ್ಲಿ ಬೀಸುವ ಕಲ್ಲಿನ ಪುಡಿ, ಮರಳು ಬೆರೆತು ಹಲ್ಲು ಸವೆದುಹೋಗುತ್ತಿತ್ತು. ಮಮ್ಮಿಗಳ ಬಾಯಲ್ಲಿ ಅದು ಚೆನ್ನಾಗಿ ಕಾಣುತ್ತದೆ.

ತಿಂದು ಉಳಿದ ಕಾಳೇ ಅವರ ಹಣ. ಬೆಲೆ ಕಟ್ಟಲು ‘ದೆಬೆನ್’ ಅಂತ ಒಂದು ಅಳತೆ, ಸುಮಾರು 91 ಗ್ರಾಂ ತಾಮ್ರ. ತಾಮ್ರ ಕೈ ಬದಲಾಯಿಸಲೇಬೇಕು ಅಂತಿಲ್ಲ. ಇಷ್ಟು ದೆಬೆನ್ ಬೆಲೆಯ ಕತ್ತೆಗೆ ಅಷ್ಟೇ ಬೆಲೆಯ ಬಟ್ಟೆ, ಎಣ್ಣೆ, ಬುಟ್ಟಿ ಕೊಟ್ಟರಾಯಿತು. ಸಾಲ, ತಗಾದೆ ಎಲ್ಲ ಊರ ಪಂಚಾಯಿತಿಯಲ್ಲೇ. ಮೆನ್ನಾ ಅನ್ನುವವನು ಪೊಲೀಸ್ ಮುಖ್ಯಸ್ಥ ಮೆಂಟ್ಮೋಸೆಗೆ ಒಂದು ಮಡಕೆ ಕೊಬ್ಬು ಮಾರಿದ. ಬಾರ್ಲಿ ಕೊಡುತ್ತೇನೆ ಅಂದವನು ಕೊಡಲಿಲ್ಲ. ಮೆನ್ನಾ ಮೂರು ಸಲ ದೂರು ಕೊಟ್ಟ. ಮೂರನೇ ರಾಮ್ಸೆಸ್ ಹೋಗಿ ನಾಲ್ಕನೇ ರಾಮ್ಸೆಸ್ ಬಂದರೂ ಆ ಮಡಕೆಯ ಬಾಕಿ ತೀರಿರಲಿಲ್ಲ. ಮೆನ್ನಾ ಬಿಡಲೂ ಇಲ್ಲ.

ಮಡಿವಾಳರ ಚೂರುಗಳನ್ನು ನೀವು ನೋಡಬೇಕು. ಓದು ಬರದವರಿಗೂ ಗೊತ್ತಾಗಲಿ ಅಂತ ಬಟ್ಟೆಯ ಚಿತ್ರ ಬರೆದು, ಪಕ್ಕದಲ್ಲಿ ಎಷ್ಟು ಅಂತ ಗೆರೆ ಹಾಕಿದ್ದಾರೆ. 1906ರಲ್ಲಿ ಖಾ ಎಂಬ ಅಧಿಕಾರಿ ಮತ್ತು ಅವನ ಹೆಂಡತಿ ಮೆರಿತ್ ಅವರ ಸಮಾಧಿ ಹಾಗೇ ಸಿಕ್ಕಿತು. ಈಗ ಇಟಲಿಯ ಟ್ಯುರಿನ್‌ನಲ್ಲಿದೆ. ಅದರಲ್ಲಿದ್ದ ಖಾನ ಬಟ್ಟೆಗಳಿಗೂ ಮಡಿವಾಳರ ಹತ್ತಿರ ಅದಲು ಬದಲಾಗದ ಹಾಗೆ ಗುರುತು ಹಾಕಿದೆ.

ಈಗ ನನಗೆ ತುಂಬಾ ಇಷ್ಟವಾದ ಕಲ್ಲಿಗೆ ಬರುತ್ತೇನೆ. ಇದು ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಎರಡನೇ ರಾಮ್ಸೆಸ್ ಆಳ್ವಿಕೆಯ 40ನೇ ವರ್ಷದ್ದು, ಸುಮಾರು ಕ್ರಿ.ಪೂ. 1240. ಸರಳವಾಗಿ ಹೇಳಬೇಕೆಂದರೆ ಹಾಜರಿ ಪುಸ್ತಕ. 40 ಕೆಲಸಗಾರರ ಹೆಸರು, ಅವರು ಬರದ ದಿನಗಳು. ದಿನಾಂಕ ಕಪ್ಪು ಮಸಿಯಲ್ಲಿ, ಅದರ ಮೇಲೆ ಕಾರಣ ಕೆಂಪು ಮಸಿಯಲ್ಲಿ. ಹುಯ್‌ನೆಫರ್‌ಗೆ ಕಣ್ಣು ನೋವು. ಸೆಬಾಗೆ ಚೇಳು ಕಚ್ಚಿದೆ. ಒಬ್ಬ ತಾಯಿಯ ಶವಸಂಸ್ಕಾರಕ್ಕೆ ಹೋಗಿದ್ದಾನೆ. ಒಬ್ಬ ಮನೆಯಲ್ಲಿ ಬಿಯರ್ ಹುದುಗು ಹಾಕುತ್ತಿದ್ದಾನೆ. ಒಬ್ಬ ಮನೆ ಕಟ್ಟುತ್ತಿದ್ದಾನೆ. ಪೆಂದುವಾ ಖೋನ್ಸು ಜೊತೆ ಕುಡಿಯಲು ಹೋಗಿದ್ದಾನೆ. ಹೆಂಡತಿಗೋ ಮಗಳಿಗೋ ಮುಟ್ಟು ಅನ್ನುವ ಕಾರಣವೂ ಹಲವರ ಹೆಸರಿನ ಮುಂದೆ ಬರುತ್ತದೆ. ಪಹೇರಿಪೆಜೆತ್ ಅನ್ನುವವನು ಬೇರೆಯವರಿಗೆ ಔಷಧಿ ಮಾಡಿಕೊಡಲು ಮೇಲಿಂದ ಮೇಲೆ ಉಳಿದುಕೊಂಡಿದ್ದಾನೆ. ಊರ ವೈದ್ಯ ಅವನೇ ಇರಬೇಕು.

ಇದೇ ರಾಮ್ಸೆಸ್‌ನ ದೊಡ್ಡ ದೊಡ್ಡ ಮೂರ್ತಿಗಳನ್ನು ಅಬು ಸಿಂಬೆಲ್‌ನಲ್ಲಿ ನೋಡಿದಾಗ ನಮಗೆ ಕುತ್ತಿಗೆ ನೋಯುತ್ತದೆ. ಅವನ ಆಳ್ವಿಕೆಯಲ್ಲೇ ಒಬ್ಬನ ಕಣ್ಣು ನೋವನ್ನು ಯಾರೋ ಕೂತು ಬರೆದಿದ್ದಾರೆ, ಮರುದಿನವೂ ನೋವು ಹೋಗಿಲ್ಲ ಅಂತ ಮತ್ತೆ ಬರೆದಿದ್ದಾರೆ. ಇದನ್ನು ಮೊದಲ ಸಲ ಓದಿದಾಗ ನನಗೆ ಈಜಿಪ್ಟ್ ಹತ್ತಿರದ ಊರು ಅನ್ನಿಸಿಬಿಟ್ಟಿತು.

ಇಷ್ಟೆಲ್ಲ ಹೊರಗಿನಿಂದ ಬರುವ ಕಾಳಿನ ಮೇಲೆ ನಿಂತ ಊರು. ಕಾಳು ಬರದಿದ್ದರೆ?

ಮೂರನೇ ರಾಮ್ಸೆಸ್‌ನ 29ನೇ ವರ್ಷ, ಸುಮಾರು ಕ್ರಿ.ಪೂ. 1157. ಅವನು ಲಿಬಿಯಾದವರ ಜೊತೆ, ಕಡಲಿನಿಂದ ನುಗ್ಗಿದವರ ಜೊತೆ ಯುದ್ಧ ಮಾಡಿ ಗೆದ್ದಿದ್ದ. ಆದರೆ ಆಡಳಿತ ಸಡಿಲವಾಗಿತ್ತು, ಕಾಳಿನ ಬೆಲೆ ಏರುತ್ತಿತ್ತು. ಊರಿಗೆ ಪಡಿ ಸರಿಯಾಗಿ ಬರುತ್ತಿರಲಿಲ್ಲ. ಚಳಿಗಾಲದ ಎರಡನೇ ತಿಂಗಳ ಹತ್ತನೇ ದಿನ, ಕೆಲಸಗಾರರು ಉಳಿ ಕೆಳಗಿಟ್ಟರು. ಕಾವಲಿನ ಐದು ಗೋಡೆಗಳನ್ನು ದಾಟಿ ಹೊರಟರು. ‘ನಮಗೆ ಹಸಿವಾಗಿದೆ, 18 ದಿನ ಆಯಿತು’ ಎನ್ನುತ್ತ ಮೂರನೇ ಥುಟ್ಮೋಸ್‌ನ ದೇವಾಲಯದ ಹಿಂದೆ ಹೋಗಿ ಕೂತರು. ಅಧಿಕಾರಿಗಳು ವಾಪಸ್ ಬನ್ನಿ, ರಾಜರ ಮಾತು ನಮ್ಮ ಹತ್ತಿರ ಇದೆ ಅಂದರು. ಇವರು ಏಳಲಿಲ್ಲ. ಮುಂದಿನ ದಿನಗಳಲ್ಲಿ ಎರಡನೇ ರಾಮ್ಸೆಸ್‌ನ ದೇವಾಲಯದೊಳಗೇ ನುಗ್ಗಿದರು. ಆಮೇಲೆ ಅವರು ಹೇಳಿದ್ದನ್ನು ಕರಣಿಕ ಅಮೆನ್‌ನಖ್ತ್ ಪಪೈರಸ್ ಮೇಲೆ ಬರೆದುಕೊಂಡಿದ್ದಾನೆ. ಕನ್ನಡದಲ್ಲಿ ಹೇಳುತ್ತೇನೆ, ಕೇಳಿ:

‘ಹಸಿವು, ಬಾಯಾರಿಕೆ ನಮ್ಮನ್ನು ಇಲ್ಲಿಗೆ ತಂದಿದೆ. ಬಟ್ಟೆಯಿಲ್ಲ, ಎಣ್ಣೆಯಿಲ್ಲ, ಮೀನಿಲ್ಲ, ಸೊಪ್ಪಿಲ್ಲ. ನಮ್ಮ ಒಡೆಯ ಫೆರೋಗೆ ಹೇಳಿ ಕಳಿಸಿ. ನಮ್ಮ ಮೇಲಿನ ಮಂತ್ರಿಗೆ ಹೇಳಿ ಕಳಿಸಿ. ನಮಗೆ ಬದುಕು ಸಾಗಲಿ.’

ಅವತ್ತು ಹಿಂದಿನ ತಿಂಗಳ ಪಡಿ ಸಿಕ್ಕಿತು. ಮುಂದಿನ ತಿಂಗಳು ಮತ್ತೆ ಬಾಕಿ, ಮತ್ತೆ ಗೋಡೆ ದಾಟಿದರು. ಹೀಗೆ ತಿಂಗಳುಗಟ್ಟಲೆ ನಡೆಯಿತು. ಒಂದು ಸಲ ಅವರು ಹೇಳಿದ ಮಾತು ಬೇರೆಯದೇ. ಹಸಿವಿಗೆ ಮಾತ್ರ ನಾವು ಗೋಡೆ ದಾಟಲಿಲ್ಲ, ಫೆರೋನ ಈ ಜಾಗದಲ್ಲಿ ಅನ್ಯಾಯ ನಡೆದಿದೆ, ಅದನ್ನು ಹೇಳಬೇಕು ಅಂದರು. ಮಂತ್ರಿ ತೋ ಹೇಳಿ ಕಳಿಸಿದ ಉತ್ತರವೂ ಇದೆ. ಕಣಜದಲ್ಲೇ ಏನೂ ಇಲ್ಲದಿದ್ದರೂ ಸಿಕ್ಕಿದ್ದನ್ನು ನಿಮಗೆ ಕೊಡುತ್ತೇನೆ ಅಂತ. ಸಿಕ್ಕಿದ್ದು ಅರ್ಧ ಪಡಿ.

ದಾಖಲೆಯಲ್ಲಿ ಉಳಿದಿರುವ ಮುಷ್ಕರಗಳಲ್ಲಿ ಜಗತ್ತಿಗೆ ಇದೇ ಮೊದಲನೆಯದು. ಒಂದು ವಿಷಯ ಗಮನಿಸಿ. ಫೆರೋ ದೇವರು ಎಂದು ನಂಬಿದ್ದ ಜನ ಇವರು. ಆದರೂ ದೇವರ ಸಮಾಧಿಯ ಕೆಲಸ ನಿಲ್ಲಿಸಿ ಪಡಿ ಕೇಳಿದರು. ಅವರ ಮೇಲೆ ಸೈನ್ಯ ಬಂದು ಹೊಡೆಯಿತು ಅಂತ ಆ ಪಪೈರಸ್‌ನಲ್ಲಿ ಎಲ್ಲೂ ಇಲ್ಲ. ಮಾತುಕತೆ ಇದೆ, ಭರವಸೆ ಇದೆ, ತಡವಾಗಿ ಬಂದ ಕಾಳು ಇದೆ.

ಹೆಂಗಸರ ಬಗ್ಗೆ ಹೇಳದೆ ಹೋಗಲಾರೆ. ಗಂಡಸರು ಹತ್ತರಲ್ಲಿ ಎಂಟು ದಿನ ಕಣಿವೆಯಲ್ಲಿ ಇರುತ್ತಿದ್ದರಿಂದ ಊರು ನಡೆಸುತ್ತಿದ್ದವರು ಇವರೇ. ಈಜಿಪ್ಟಿನಲ್ಲಿ ಹೆಣ್ಣಿಗೆ ಸ್ವಂತ ಆಸ್ತಿ ಇತ್ತು, ಅವಳೇ ನ್ಯಾಯಸ್ಥಾನದ ಮುಂದೆ ನಿಂತು ಮಾತಾಡಬಹುದಿತ್ತು. ನಾವುನಖ್ತೆ ಎಂಬ ಮುದುಕಿ ಐದನೇ ರಾಮ್ಸೆಸ್ ಕಾಲದಲ್ಲಿ, ಸುಮಾರು ಕ್ರಿ.ಪೂ. 1145ರಲ್ಲಿ, ಪಂಚರ ಮುಂದೆ ನಿಂತಳು. ನಾನು ಫೆರೋನ ನಾಡಿನ ಸ್ವತಂತ್ರ ಹೆಂಗಸು ಅಂತ ಮಾತು ಶುರು ಮಾಡಿದಳು. ಎಂಟು ಮಕ್ಕಳನ್ನು ಸಾಕಿದೆ, ಅವರ ಮನೆಗೆ ಬೇಕಾದದ್ದೆಲ್ಲ ಕೊಟ್ಟೆ. ಈಗ ಮುದುಕಿಯಾಗಿದ್ದೇನೆ, ನೋಡಿಕೊಳ್ಳುತ್ತಿಲ್ಲ. ನನ್ನ ಕೈ ಹಿಡಿದವರಿಗೆ ನನ್ನ ಆಸ್ತಿ, ಹಿಡಿಯದವರಿಗೆ ಇಲ್ಲ ಅಂದಳು. ಹಾಗೇ ಬರೆಸಿದಳು. ಚೆನ್ನಾಗಿ ನೋಡಿಕೊಂಡ ಒಬ್ಬ ಮಗನಿಗೆ ಪಾಲಿನ ಮೇಲೆ ಒಂದು ಕಂಚಿನ ಬೋಗುಣಿ ಜಾಸ್ತಿ ಕೊಟ್ಟಳು.

ಈ ನಾವುನಖ್ತೆಯ ಮೊದಲ ಗಂಡ ಕರಣಿಕ ಕೆನ್‌ಹಿರ್‌ಖೊಪ್ಶೆಫ್. ಅವಳಿಗಿಂತ ತುಂಬಾ ದೊಡ್ಡವನು. ಅಕ್ಷರ ಸೊಟ್ಟ, ಓದುವ ಹುಚ್ಚು ಬಹಳ. ಅವನ ಸಂಗ್ರಹದಲ್ಲಿ ಕನಸಿನ ಅರ್ಥ ಹೇಳುವ ಒಂದು ಸುರುಳಿ ಇತ್ತು. ಕನಸಲ್ಲಿ ದೊಡ್ಡ ಬೆಕ್ಕು ಕಂಡರೆ ಒಳ್ಳೆಯದು, ಸುಗ್ಗಿ ಜೋರು. ಬಿಸಿ ಬಿಯರ್ ಕುಡಿದರೆ ಕೆಟ್ಟದ್ದು, ಕಷ್ಟ ಬರುತ್ತದೆ. ಕನ್ನಡಿಯಲ್ಲಿ ಮುಖ ನೋಡಿಕೊಂಡರೆ ಕೆಟ್ಟದ್ದು, ಇನ್ನೊಬ್ಬ ಹೆಂಡತಿ ಬರುತ್ತಾಳೆ. ಕೆಟ್ಟದ್ದನ್ನು ಕೆಂಪು ಮಸಿಯಲ್ಲಿ ಬರೆದಿದೆ.

ಇವರು ತಮಗಾಗಿಯೂ ಸಮಾಧಿ ಕೊರೆದುಕೊಂಡರು, ಊರಿಗೆ ಅಂಟಿಕೊಂಡೇ ಇರುವ ಗುಡ್ಡದಲ್ಲಿ. 1886ರಲ್ಲಿ ಸೆನ್ನೆಜೆಮ್ ಎಂಬ ಕೆಲಸಗಾರನ ಸಮಾಧಿ ಮುಚ್ಚಿದ ಹಾಗೇ ಸಿಕ್ಕಿತು. ಸಣ್ಣ ಕೋಣೆ. ಗೋಡೆಯ ಬಣ್ಣ ನಿನ್ನೆ ಹಚ್ಚಿದ ಹಾಗಿದೆ. ಸತ್ತ ಮೇಲಿನ ಲೋಕದಲ್ಲಿ ಅವನು, ಹೆಂಡತಿ ಇಯ್‌ನೆಫರ್ತಿ, ಇಬ್ಬರೂ ಬಿಳಿ ಬಟ್ಟೆ ಉಟ್ಟು ಹೊಲ ಉಳುತ್ತಿದ್ದಾರೆ, ಆಳೆತ್ತರದ ಗೋಧಿ ಕೊಯ್ಯುತ್ತಿದ್ದಾರೆ. ಕೆಳಗೆ ಹಣ್ಣು ತುಂಬಿದ ಖರ್ಜೂರದ ಮರಗಳು. ಆ ಹೊಲದ ಸುತ್ತ ಏನು ಬರೆದಿದ್ದಾರೆ ಗೊತ್ತಾ? ನೀರು. ನಾಲ್ಕೂ ಕಡೆ ನೀಲಿ ಕಾಲುವೆ. ಇಂಥ ಚಿತ್ರ ಬೇರೆ ಸಮಾಧಿಗಳಲ್ಲೂ ಇದೆ, ಅದು ಅವರ ಧರ್ಮದ ಸಂಪ್ರದಾಯ, ಒಪ್ಪುತ್ತೇನೆ. ಆದರೆ ಬಾಳಿಡೀ ಕತ್ತೆಯ ಮೇಲೆ ಬಂದ ನೀರು ಕುಡಿದವನ ಕೋಣೆಯಲ್ಲಿ ಆ ನೀಲಿ ಪಟ್ಟಿಯನ್ನು ನನಗೆ ಬರೀ ಸಂಪ್ರದಾಯ ಅಂತ ನೋಡಲು ಆಗುವುದಿಲ್ಲ.

ಕೊನೆಯ ಕಾಲ ಬೇಗ ಹೇಳಿಬಿಡುತ್ತೇನೆ. ಕಾಳು ಬರುವುದು ಇನ್ನೂ ಕಡಿಮೆಯಾಯಿತು. ಮರುಭೂಮಿ ಕಡೆಯಿಂದ ಲಿಬಿಯಾದವರ ಭಯ. ಸಮಾಧಿ ಕಳ್ಳತನದ ವಿಚಾರಣೆಗಳಲ್ಲಿ ಇದೇ ಊರಿನವರ ಹೆಸರುಗಳೂ ಬಂದವು. ಹನ್ನೊಂದನೇ ರಾಮ್ಸೆಸ್ ಹೊತ್ತಿಗೆ ಜನ ಊರು ಬಿಟ್ಟು, ಬಯಲಿನ ಅಂಚಿನಲ್ಲಿದ್ದ ಮೆದಿನೆತ್ ಹಾಬು ದೇವಾಲಯದ ದಪ್ಪ ಗೋಡೆಗಳೊಳಗೆ ಸೇರಿಕೊಂಡರು. ಅಲ್ಲಿದ್ದ ಕೊನೆಯ ಕರಣಿಕರಲ್ಲಿ ಒಬ್ಬ ಬುತೆಹಾಮುನ್. ಪೂರ್ವಿಕರು ಕೊರೆದ ಸಮಾಧಿಗಳನ್ನು ತೆರೆದು, ರಾಜರ ಮಮ್ಮಿಗಳಿಗೆ ಮತ್ತೆ ಬಟ್ಟೆ ಸುತ್ತಿ ಬೇರೆ ಕಡೆ ಸಾಗಿಸುವ ಕೆಲಸ ಇವನ ಪಾಲಿಗೆ ಬಂತು.

ಇವನ ಹೆಂಡತಿ ಇಖ್ತಾಯ್ ತೀರಿಹೋದಳು. ಅವಳಿಗೆ ಒಂದು ಪತ್ರ ಬರೆದ. ಅವಳ ಹೆಸರಿಗಲ್ಲ, ಅವಳನ್ನು ಇಟ್ಟ ಶವಪೆಟ್ಟಿಗೆಯ ಹೆಸರಿಗೆ. ಇಖ್ತಾಯಳ ಪೆಟ್ಟಿಗೆಯೇ, ನನ್ನ ಮಾತು ಕೇಳು, ನೀನು ಅವಳ ಪಕ್ಕದಲ್ಲೇ ಇದ್ದೀಯ, ನನ್ನ ಪರವಾಗಿ ಅವಳನ್ನು ಕೇಳು, ‘ಹೇಗಿದ್ದೀಯ?’ ಅಂತ. ಅದನ್ನೂ ಬರೆದದ್ದು ಒಂದು ಚೂರಿನ ಮೇಲೆ. ಈಗ ಪ್ಯಾರಿಸ್ಸಿನ ಲೂವ್ರ್‌ನಲ್ಲಿದೆ.